ಹಳ್ಳಿಯ ಶುಶ್ರೂಷಕಿ

ಶುಶ್ರೂಷೆ ಎಂಬ ಶಬ್ದಕ್ಕೆ ‘ಕೇಳಬೇಕೆಂಬ ಇಚ್ಛೆ’ ಎಂಬುದೇ ಮೂಲಾರ್ಥವೆಂದು ಸಂಸ್ಕೃತವನ್ನು ಬಲ್ಲವರು ಹೇಳುತ್ತಾರೆ. ಗುರುವಿನ ಮಾತನ್ನು ಕೇಳಲೆಂದು ಹತ್ತಿರ ಕುಳಿತ ಶಿಷ್ಯನು ಆತನ ಸೇವೆಯನ್ನೂ ಮಾಡುತ್ತಿದ್ದುದರಿಂದ, ಕೇಳುವಿಕೆಯನ್ನು ಸೂಚಿಸುವ ಮಾತೇ ಕಾಲಕ್ರಮದಲ್ಲಿ ಸೇವೆಗೆ ಹೆಸರಾಗಿ, ಕೊನೆಗೆ ರೋಗಿಯ ಮಂಚದ ಬಳಿಗೆ ಬಂದು ನಿಂತಿತು. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರ ಮಾಡತಕ್ಕವರಲ್ಲಿ ಇರಬೇಕಾದ ಗುಣಗಳನ್ನೂ ಅಲ್ಲಿಯೇ ಎಣಿಸಿದೆ. ಉಪಚಾರದ ತಿಳಿವಳಿಕೆ, ಕೆಲಸದಲ್ಲಿ ಚಾತುರ್ಯ, ರೋಗಿಯಲ್ಲಿ ಪ್ರೀತಿ, ಶುಚಿತ್ವ ಇವೇ ಅವು. ನಾಲ್ಕು ಕಾಲುಗಳಲ್ಲಿ ಒಂದು ಕಾಲು ನಮ್ಮದೆಂದು ಅಷ್ಟು ಹಿಂದೆಯೇ ಒಪ್ಪಿದ್ದ ಈ ದೇಶದಲ್ಲಿ, ಸಂಬಳ ತೆಗೆದುಕೊಂಡು ಶುಶ್ರೂಷೆ ಮಾಡುವ ಹೆಂಗಸನ್ನು ಮನೆಯೊಳಕ್ಕೆ ಕರೆದು ಮಣೆ ಹಾಕುವುದಕ್ಕೆ ಮಾತ್ರ ಬಹಳ ಕಾಲ ಬೇಕಾಯಿತು. ತಾಯಿ ಮಾಡಿದರೆ ಪುಣ್ಯವೆನಿಸುವ ಕೆಲಸವು ಪರರ ಮಗಳು ಮಾಡಿದರೆ ಮೈಲಿಗೆಯೆನಿಸಿತು. ಮೊದಮೊದಲು ಈ ವೃತ್ತಿಗೆ ಬಂದವರಲ್ಲಿ ಕ್ರೈಸ್ತ ಹೆಣ್ಣುಮಕ್ಕಳೇ ಹೆಚ್ಚಾಗಿದ್ದರು. ಉಳಿದವರ ಮನೆಗಳಲ್ಲಿ ‘ರಾತ್ರಿಯ ಹೊತ್ತು ಹೊರಗಿರುವ ಕೆಲಸ’ ಎಂಬ ಒಂದು ಮಾತೇ ಆ ವಿಚಾರವನ್ನು ಮುಗಿಸಿಬಿಡುತ್ತಿತ್ತು.

1943ರಲ್ಲಿ ನೇಮಕವಾದ ಭೋರ್ ಸಮಿತಿಯವರು 1946ರಲ್ಲಿ ತಮ್ಮ ವರದಿಯನ್ನು ಒಪ್ಪಿಸಿದಾಗ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 7,000 ಮಂದಿ ಶುಶ್ರೂಷಕಿಯರು ಇದ್ದರು. ಎಂದರೆ 43,000 ಜನಕ್ಕೆ ಒಬ್ಬಳು. ತರಬೇತಾದ ಸೂಲಗಿತ್ತಿಯರು ಸುಮಾರು 5,000. ಮನೆಮನೆಗೆ ಹೋಗಿ ತಾಯಿ ಮಕ್ಕಳ ಆರೋಗ್ಯವನ್ನು ನೋಡತಕ್ಕ ಆರೋಗ್ಯ ಸಂದರ್ಶಕಿಯರು 750. ಅದೇ ವರ್ಷ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆಯಲ್ಲಿ ಪದವಿ ಕೊಡುವ ಶಿಕ್ಷಣವು ಮೊದಲಾಯಿತು. ಇಂಥ ಅಂಕಿಗಳನ್ನು ಓದುವಾಗ ವಾಚಕರಿಗೆ ಬೇಸರವಾಗಬಹುದು. ಆದರೆ 43,000 ಎಂಬುದು ಒಂದು ದೊಡ್ಡ ಹೋಬಳಿಯ ಜನಸಂಖ್ಯೆಯೆಂದು ನೆನೆದುಕೊಂಡು, ಆ ಹೋಬಳಿಯ ಹೆರಿಗೆಗಳೆಲ್ಲವನ್ನೂ, ಜ್ವರಗಳೆಲ್ಲವನ್ನೂ, ಕೊನೆಯುಸಿರುಗಳೆಲ್ಲವನ್ನೂ ಒಬ್ಬ ಹೆಂಗಸಿನ ಎರಡು ಕೈಗಳಿಗೆ ಒಪ್ಪಿಸಿ ನೋಡಿದರೆ ಲೆಕ್ಕದ ಭಾರವು ತಾನಾಗಿ ತಿಳಿಯುತ್ತದೆ. ಆ ಕಾಲದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ನೂರೈವತ್ತರ ಹತ್ತಿರ ಮೊದಲ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ.

ನಾವು ಹದಿನೆಂಟು ತಿಂಗಳ ತರಬೇತಿಯನ್ನು ಮುಗಿಸಿ 1981ರಲ್ಲಿ ಬಯಲುಸೀಮೆಯ ಒಂದು ಉಪಕೇಂದ್ರಕ್ಕೆ ಬಂದೆವು. ಉಪಕೇಂದ್ರವೆಂದರೆ ಬಾಡಿಗೆಗೆ ಹಿಡಿದ ಒಂದು ಕೋಣೆ, ಒಂದು ಬೆಂಚು, ಒಂದು ಸ್ಟೌವು, ಸೂಜಿಗಳನ್ನು ಕುದಿಸುವ ಒಂದು ಪಾತ್ರೆ. ನಮ್ಮ ಪಾಲಿಗೆ ಏಳು ಹಳ್ಳಿಗಳು ಬಂದಿದ್ದುವು. ಜನರು ನಮ್ಮನ್ನು ‘ನರ್ಸಮ್ಮ’ ಎನ್ನುತ್ತಿದ್ದರು. ಸರ್ಕಾರದ ಕಾಗದದಲ್ಲಿ ನಮ್ಮ ಹೆಸರು ಕಿರಿಯ ಆರೋಗ್ಯ ಸಹಾಯಕಿ. ಹೆಸರು ಹೀಗೆ ಉದ್ದವಾದುದಕ್ಕೆ ಕಾರಣವುಂಟು. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿಯವರು, ಮಲೇರಿಯಾಕ್ಕೊಬ್ಬ, ಸಿಡುಬಿಗೊಬ್ಬ, ಹೆರಿಗೆಗೊಬ್ಬಳು, ಕುಟುಂಬಯೋಜನೆಗೊಬ್ಬಳು ಎಂದು ಒಂದೇ ಬಾಗಿಲಿಗೆ ನಾಲ್ವರು ಹೋಗಿ ನಾಲ್ಕು ರಿಜಿಸ್ಟರುಗಳನ್ನು ತುಂಬುವುದಕ್ಕಿಂತ, ಎಲ್ಲ ಕೆಲಸವನ್ನೂ ಅರಿತ ಒಬ್ಬ ಗಂಡಸೂ ಒಬ್ಬ ಹೆಂಗಸೂ ಸಾಕೆಂದು ಸಲಹೆ ಮಾಡಿದರು. ಹೆರಿಗೆಯೊಂದನ್ನೇ ಕಲಿತು ಬಂದಿದ್ದ ಹಿರಿಯ ಅಕ್ಕಂದಿರು ಇದರಿಂದ ಬಹಳ ನೊಂದುಕೊಂಡರು. ನಮಗಿಂತ ಇಪ್ಪತ್ತು ವರ್ಷ ಹಿರಿಯರಾದ ಒಬ್ಬರು, “ಸೂಲು ಬಿಡಿಸುವ ಕೈಯಲ್ಲಿ ಈಗ ಜ್ವರದವರ ರಕ್ತವನ್ನು ಗಾಜಿಗೆ ಹಚ್ಚಬೇಕಂತೆ ಕಣಮ್ಮ” ಎಂದು ನಮ್ಮೊಡನೆ ಹೇಳಿ ನಿಟ್ಟುಸಿರು ಬಿಟ್ಟರು. ಅವರೇ ಆರು ತಿಂಗಳೊಳಗೆ ಆ ಕೆಲಸದಲ್ಲಿ ನಮ್ಮೆಲ್ಲರಿಗಿಂತ ಚುರುಕಾದರೆಂಬುದು ಬೇರೆ ಮಾತು. ಮುಂದೆಯೂ ನಮ್ಮ ವೃತ್ತಿಯಲ್ಲಿ ಬಂದ ಮಾರ್ಪಾಡುಗಳೆಲ್ಲ ಹೀಗೆಯೇ ಬಂದುವು. ಮೊದಲು ಆಜ್ಞೆ, ಆಮೇಲೆ ನಿಟ್ಟುಸಿರು, ಆಮೇಲೆ ಅಭ್ಯಾಸ. ಯಾರನ್ನೂ ಮೊದಲು ಕೇಳಿದ್ದು ನಮಗೆ ನೆನಪಿಲ್ಲ.

ನಾವು ಹೋದ ಊರಿನಲ್ಲಿ ನಮಗಿಂತ ಮೊದಲೇ ಒಬ್ಬ ಅಧಿಕಾರಿಣಿ ಇದ್ದಳು. ಆಕೆಗೆ ಸಂಬಳವಿಲ್ಲ, ರಿಜಿಸ್ಟರಿಲ್ಲ. ಊರಿನ ಮುಕ್ಕಾಲು ಪಾಲು ಜನರ ಹೊಕ್ಕುಳಬಳ್ಳಿಯನ್ನು ಆಕೆಯೇ ಕತ್ತರಿಸಿದ್ದಳು. ಸೂಲಗಿತ್ತಿಯೆಂದರೆ ಅಜ್ಞಾನದ ಮೂರ್ತಿಯೆಂದು ತರಬೇತಿಯ ಶಾಲೆಯಲ್ಲಿ ನಮಗೆ ಕಲಿಸಿದ್ದರು. ಆದರೆ ನಮ್ಮ ಕಣ್ಣೆದುರಿಗೆ ಆ ಅಜ್ಜಿಯು ಬಸುರಿಯ ಹೊಟ್ಟೆಯ ಮೇಲೆ ಎರಡು ಅಂಗೈಗಳನ್ನಿಟ್ಟು, ಕೂಸಿನ ತಲೆಯು ಎಲ್ಲಿದೆಯೆಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ನಾವು ಕೊಳವೆಯನ್ನಿಟ್ಟು ನೋಡಿದರೆ ಅದು ಅಲ್ಲಿಯೇ ಇರುತ್ತಿತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಸುಮಾರು ಎಪ್ಪತ್ತು ವರ್ಷಗಳ ಕಾಲ ಕಾಸು ಮುಟ್ಟದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡುದನ್ನು ವಾಚಕರು ಬಲ್ಲರು. ಆ ಪ್ರಶಸ್ತಿಯ ಸುದ್ದಿಯನ್ನು ಕೇಳಿದಾಗ ನಮಗೆ ನಮ್ಮ ಊರಿನ ಅಜ್ಜಿಯೇ ಕಣ್ಮುಂದೆ ಬಂದಳು.

ಹಾಗೆಂದು ಎಲ್ಲವೂ ಚೆನ್ನಾಗಿತ್ತೆಂದಲ್ಲ. ಬಳ್ಳಿಯನ್ನು ಕುಡುಗೋಲಿನಿಂದಲೂ ಕೊಯ್ಯುತ್ತಿದ್ದರು. ಗಾಯಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತುತ್ತಿದ್ದರು. ಹುಟ್ಟಿದ ವಾರದೊಳಗೆ ಕೂಸು ಮೊಲೆ ಹಿಡಿಯಲಾರದೆ, ದವಡೆ ಕಚ್ಚಿ, ಬಿಲ್ಲಿನಂತೆ ಬಾಗಿ ಸಾಯುತ್ತಿತ್ತು. ಜನರು ಅದನ್ನು ಗ್ರಹಬಾಧೆಯೆಂದು ತಿಳಿದು ಮಂತ್ರಿಸಿದ ದಾರವನ್ನು ಕಟ್ಟಿಸುತ್ತಿದ್ದರು. ಅದು ಧನುರ್ವಾಯು, ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುವ ಸೂಕ್ಷ್ಮಜೀವಿಯು ಹೊಕ್ಕುಳ ಗಾಯದಿಂದ ಒಳಹೊಕ್ಕು ಮಾಡುವ ಕೇಡು. ಇದನ್ನು ಅಜ್ಜಿಗೆ ಹೇಗೆ ಹೇಳುವುದು? ಬಂದ ಹೊಸದರಲ್ಲಿ ನಾವು ಇಪ್ಪತ್ತೊಂದು ವರ್ಷದವರು, ಮದುವೆಯೂ ಆಗಿರಲಿಲ್ಲ. ಹೆರದವಳು ಹೆರಿಗೆಯ ಮಾತನ್ನು ಹೇಳಿದರೆ ಕೇಳುವವರು ಯಾರು?

ನಾವು ಹೇಳುವುದನ್ನು ಬಿಟ್ಟು ಆಕೆಯ ಜಗಲಿಯ ಮೇಲೆ ಕುಳಿತು ಕೇಳತೊಡಗಿದೆವು. ಸಂಜೆಯ ಹೊತ್ತು ಆಕೆ ಎಲೆಯಡಿಕೆ ಕುಟ್ಟುತ್ತ ತಾನು ಮಾಡಿಸಿದ ಕಷ್ಟದ ಹೆರಿಗೆಗಳ ಕಥೆಗಳನ್ನು ಹೇಳುವಳು. ಎರಡು ತಿಂಗಳಾದ ಮೇಲೆ ಒಂದು ದಿನ ತಾನಾಗಿಯೇ, “ಬದುಕಿದ್ದರ ಲೆಕ್ಕ ಊರಿಗೇ ಗೊತ್ತು ತಾಯಿ, ಏಳು ದಿನದಲ್ಲಿ ಹೋದವುಗಳ ಲೆಕ್ಕ ನನ್ನೊಬ್ಬಳ ಎದೆಯಲ್ಲಿದೆ” ಎಂದಳು. ಆ ದಿನವೇ ನಾವು ಹೊಸ ಬ್ಲೇಡು, ಕುದಿಸಿದ ದಾರ, ಸೋಪು ಇವುಗಳ ಮಾತನ್ನು ಎತ್ತಿದುದು. ಮುಂದಿನ ಹೆರಿಗೆಗೆ ಆಕೆ ನಮ್ಮನ್ನು ಕರೆಕಳುಹಿಸಿದಳು. ಕೂಸನ್ನು ಹಿಡಿದವಳು ಆಕೆ, ಬಳ್ಳಿಯನ್ನು ಕತ್ತರಿಸಿದವರು ನಾವು. ಅದರ ಮುಂದಿನದಕ್ಕೆ ಬಳ್ಳಿಯನ್ನೂ ಆಕೆಯೇ ಹೊಸ ಬ್ಲೇಡಿನಿಂದ ಕತ್ತರಿಸಿ, ಗಾಯಕ್ಕೆ ಏನನ್ನೂ ಹಚ್ಚದೆ ಬಿಟ್ಟಳು. “ಇವಳು ನಮ್ಮ ನರ್ಸಮ್ಮ, ಸೂಜಿ ಹಾಕಿಸಿಕೊಳ್ಳಿ” ಎಂದು ಆಕೆ ಬಸುರಿಯರಿಗೆ ಹೇಳಿದ ಮೇಲೆ ನಾವು ಯಾರ ಬಾಗಿಲಿನಲ್ಲಿಯೂ ಕಾಯಬೇಕಾಗಲಿಲ್ಲ. ಹೀಗೆ ಸಾವಿರಾರು ಊರುಗಳಲ್ಲಿ ನಡೆದ ಕೆಲಸದ ಫಲವಾಗಿ, ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವು ಭಾರತದಲ್ಲಿ ಇಲ್ಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2015ರಲ್ಲಿ ದೃಢಪಡಿಸಿದರು. ಅಜ್ಜಿಯು ಅದಕ್ಕೆ ಬಹಳ ಮೊದಲೇ ತೀರಿಕೊಂಡಿದ್ದಳು.

ಮನೆಗೆ ಹೋಗಿ ಶುಶ್ರೂಷೆ ಮಾಡುವ ಪದ್ಧತಿಯ ಹುಟ್ಟನ್ನು ಇಲ್ಲಿ ಎರಡು ಮಾತುಗಳಲ್ಲಿ ಹೇಳಬೇಕಾಗಿದೆ. ಫ್ಲಾರೆನ್ಸ್ ನೈಟಿಂಗೇಲರ ಹೆಸರನ್ನು ಕೇಳದವರಿಲ್ಲ. 1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ವರ್ತಕರಾದ ವಿಲಿಯಂ ರಾಥ್‌ಬೋನ್ ಎಂಬವರ ಪತ್ನಿಯು ಕಾಯಿಲೆಯಿಂದ ತೀರಿಕೊಂಡರು. ಆಕೆಗೆ ಉಪಚಾರ ಮಾಡಿದ್ದ ಮೇರಿ ರಾಬಿನ್ಸನ್ ಎಂಬ ಶುಶ್ರೂಷಕಿಯನ್ನು ರಾಥ್‌ಬೋನರು, ಸಿರಿವಂತರಾದ ತಮಗೇ ಇಷ್ಟು ನೆಮ್ಮದಿಯನ್ನು ತಂದ ಈ ಸೇವೆಯು ಬಡವರಿಗೆ ಎಷ್ಟು ಬೇಕಾಗಿರಬಹುದೆಂದು ಯೋಚಿಸಿ, ಊರಿನ ಬಡವರ ಮನೆಗಳಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳಲು ಮೂರು ತಿಂಗಳ ಮಟ್ಟಿಗೆ ನೇಮಿಸಿದರು. ಒಂದು ತಿಂಗಳಾಗುವಷ್ಟರಲ್ಲಿ ಆಕೆ ಅಳುತ್ತ ಹಿಂದಿರುಗಿ, ಅಲ್ಲಿಯ ದುಃಖವನ್ನು ನೋಡಲಾರೆನೆಂದು ಹೇಳಿದಳಂತೆ. ಹೇಗಾದರೂ ಮಾಡಿ ಮೂರು ತಿಂಗಳನ್ನು ಪೂರೈಸೆಂದು ಆತ ಒಪ್ಪಿಸಿದರು. ಅವಧಿಯು ಮುಗಿದಾಗ ಆಕೆಯೇ ಆ ಕೆಲಸವನ್ನು ಬಿಡಲೊಲ್ಲದೆ ಹೋದಳು. ಆಮೇಲೆ ನೈಟಿಂಗೇಲರ ಸಲಹೆಯನ್ನು ಪಡೆದು ಲಿವರ್‌ಪೂಲಿನಲ್ಲಿ ತರಬೇತಿಯ ಶಾಲೆಯೇ ಏರ್ಪಟ್ಟಿತು. ಮೇರಿ ರಾಬಿನ್ಸನಳ ಆ ಮೊದಲ ತಿಂಗಳನ್ನು ಅನುಭವಿಸದ ಹಳ್ಳಿಯ ನರ್ಸು ಇಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಎರಡನೆಯ ತಿಂಗಳವರೆಗೆ ಹಿಡಿದು ನಿಲ್ಲಿಸುವ ಒಬ್ಬ ಹಿರಿಯರು ಸಿಕ್ಕುವರೋ ಇಲ್ಲವೋ ಎಂಬುದರ ಮೇಲೆ ಉಳಿದುದೆಲ್ಲ ನಿಂತಿದೆ.

ನಮ್ಮ ಕಾಲದಲ್ಲಿ ಅಂಥ ಹಿರಿಯರು ಕಡಮೆ. ಲೆಕ್ಕ ಕೇಳುವವರು ಹೆಚ್ಚು. ಕುಟುಂಬ ಕಲ್ಯಾಣದ ಗುರಿಯೆಂಬುದೊಂದು ಇದ್ದಿತು. ವರ್ಷಕ್ಕೆ ಇಷ್ಟು ಶಸ್ತ್ರಚಿಕಿತ್ಸೆಗಳು ಆಗಲೇಬೇಕೆಂದು ಒಬ್ಬೊಬ್ಬ ನರ್ಸಿನ ತಲೆಗೂ ಕಟ್ಟುತ್ತಿದ್ದರು. ಮಾರ್ಚಿ ತಿಂಗಳು ಬಂದಿತೆಂದರೆ ನಮಗೆ ನಿದ್ರೆಯಿಲ್ಲ. ಸಭೆಯಲ್ಲಿ ಒಬ್ಬ ಅಧಿಕಾರಿಗಳು, ಗುರಿ ಮುಟ್ಟದವರನ್ನು ಎಲ್ಲರೆದುರಿಗೆ ನಿಲ್ಲಿಸಿ ಹೆಸರು ಹಿಡಿದು ಕೂಗುತ್ತಿದ್ದರು. ಬಸುರಿಯಾಗಿದ್ದ ನಮ್ಮ ಸಹೋದ್ಯೋಗಿಯೊಬ್ಬಳು ಒಂದು ಗಂಟೆಯ ಕಾಲ ಹಾಗೆಯೇ ನಿಂತಿದ್ದುದನ್ನು ನಾವು ಕಂಡಿದ್ದೇವೆ. ಆ ಅವಮಾನವನ್ನಾದರೂ ಸಹಿಸಬಹುದಾಗಿತ್ತು. ಸಹಿಸಲಾಗದೆ ಹೋದುದು ಊರಿನ ಬಾಗಿಲುಗಳು. ಕೂಸಿನ ತೂಕವನ್ನು ನೋಡಲೆಂದು ಹೋದರೂ ಹೆಂಗಸರು ಹಿತ್ತಲಿಗೆ ಸರಿದುಬಿಡುತ್ತಿದ್ದರು. ಎರಡು ಮಕ್ಕಳ ತಾಯಿಯಾದವಳ ಕಣ್ಣಿಗೆ ನಾವು ನರ್ಸಮ್ಮನಾಗಿ ಉಳಿದಿರಲಿಲ್ಲ, ಆಪರೇಷನ್ನಿಗೆ ಹಿಡಿದುಕೊಂಡು ಹೋಗುವವರಾಗಿದ್ದೆವು. ಹತ್ತು ವರ್ಷ ಜಗಲಿಯ ಮೇಲೆ ಕುಳಿತು ಗಳಿಸಿದ್ದು ಒಂದು ಮಾರ್ಚಿಯಲ್ಲಿ ಕರಗುತ್ತಿತ್ತು. ಕುಟುಂಬ ಯೋಜನೆಯು ಕೆಟ್ಟದೆಂದು ನಾವು ಹೇಳುತ್ತಿಲ್ಲ. ಮೇಲಿಂದ ಮೇಲೆ ಹೆತ್ತು ರಕ್ತವೇ ಇಲ್ಲದಂತಾದ ತಾಯಂದಿರನ್ನು ನಮ್ಮಷ್ಟು ಕಂಡವರಾರು? ಆದರೆ ಸಂಖ್ಯೆಯನ್ನು ಮುಂದಿಟ್ಟುಕೊಂಡು ಹೋದವರಿಗೆ ಮನುಷ್ಯರು ಕಾಣುವುದಿಲ್ಲ. 1996ರ ಏಪ್ರಿಲಿನಿಂದ ಭಾರತ ಸರ್ಕಾರದವರು ಆ ಗುರಿಗಳನ್ನು ದೇಶದಾದ್ಯಂತ ತೆಗೆದುಹಾಕಿದರು. ಆಜ್ಞೆಯ ಕಾಗದ ಬಂದ ದಿನ ನಮ್ಮ ಕೇಂದ್ರದಲ್ಲಿ ಒಬ್ಬರು ಎಲ್ಲರಿಗೂ ಮೈಸೂರುಪಾಕು ಹಂಚಿದರು. ಬಾಗಿಲುಗಳು ಪುನಃ ತೆರೆಯುವುದಕ್ಕೆ ಮಾತ್ರ ಇನ್ನೂ ಎರಡು ಮೂರು ವರ್ಷ ಹಿಡಿಯಿತು.

1998ರಲ್ಲಿ ಆರು ತಿಂಗಳ ಬಡ್ತಿ ತರಬೇತಿಯಾಗಿ ನಾವು ಹಿರಿಯ ಆರೋಗ್ಯ ಸಹಾಯಕಿಯಾದೆವು. ಆರು ಉಪಕೇಂದ್ರಗಳು, ಆರು ಜನ ಹೆಣ್ಣುಮಕ್ಕಳು ನಮ್ಮ ಕೈಕೆಳಗೆ ಬಂದರು. ಕೈಕೆಳಗೆ ಎಂಬ ಈ ಮಾತು ನಮಗೆ ಎಂದೂ ಹಿಡಿಸಲಿಲ್ಲ. ಮೇಲ್ವಿಚಾರಣೆಯೆಂದರೆ ರಿಜಿಸ್ಟರಿನ ಕೊನೆಯಲ್ಲಿ ಹಸಿರು ಮಸಿಯ ರುಜು ಹಾಕಿ ಕಾಫಿ ಕುಡಿದು ಬರುವುದೆಂಬುದೇ ಅಂದಿನ ರೂಢಿಯಾಗಿತ್ತು. ನಾವು ತಿಂಗಳಿಗೆ ಒಂದು ದಿನವಾದರೂ ಪ್ರತಿಯೊಬ್ಬಳ ಜತೆಯಲ್ಲಿ ಮನೆಮನೆಗೆ ನಡೆಯುವುದನ್ನು ಇಟ್ಟುಕೊಂಡೆವು. ರಿಜಿಸ್ಟರು ಹೇಳದಿದ್ದುದನ್ನು ಆ ನಡಿಗೆಯು ಹೇಳುತ್ತಿತ್ತು. ಒಬ್ಬಳು ಸೂಜಿ ಹಾಕುವುದರಲ್ಲಿ ನಿಪುಣೆ, ಆದರೆ ಅತ್ತೆಯಂದಿರ ಎದುರಿಗೆ ಬಾಯಿ ಬಿಡಲಾರಳು. ಇನ್ನೊಬ್ಬಳು ಮಾತಿನಲ್ಲಿ ಸರಸ್ವತಿ, ತೂಕದ ಕಡ್ಡಿಯನ್ನು ಓದುವುದರಲ್ಲಿ ಅವಸರ. ಮತ್ತೊಬ್ಬಳಿಗೆ ಒಂದು ಊರಿನ ದಾರಿಯಲ್ಲಿ ಕುಡುಕನೊಬ್ಬನ ಕಾಟ, ಅದನ್ನು ಯಾರಿಗೂ ಹೇಳಿರಲಿಲ್ಲ. ಮೊದಲಿನವಳನ್ನೂ ಎರಡನೆಯವಳನ್ನೂ ಲಸಿಕೆಯ ದಿನಗಳಲ್ಲಿ ಜೋಡಿಯಾಗಿ ಕಳುಹಿಸಿದೆವು. ಮೂರನೆಯದಕ್ಕೆ ಆ ಊರಿನ ಪಂಚಾಯಿತಿಯ ಸದಸ್ಯೆಯನ್ನು ಕಂಡು ಮಾತಾಡಿದ್ದೇ ಸಾಕಾಯಿತು.

ಲಸಿಕೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಲೇಬೇಕು. ಲಸಿಕೆಯೆಂಬುದು ಹಾಲಿನಂಥದು, ಬಿಸಿಯಾದರೆ ಕೆಡುತ್ತದೆ. 2ರಿಂದ 8 ಡಿಗ್ರಿಗಳ ತಂಪಿನಲ್ಲಿ ಅದನ್ನು ಕಾಪಾಡಿಕೊಂಡು, ನಾಲ್ಕು ಕಡೆಗೂ ಮಂಜುಗಡ್ಡೆಯ ಚೀಲಗಳನ್ನಿಟ್ಟ ಪೆಟ್ಟಿಗೆಯಲ್ಲಿ ಹಳ್ಳಿಗೆ ಒಯ್ಯಬೇಕು. ಪೋಲಿಯೊ ಲಸಿಕೆಯ ಸೀಸೆಯ ಮೇಲೆ ವರ್ತುಲದೊಳಗೆ ಒಂದು ಚಿಕ್ಕ ಬಿಳಿಯ ಚೌಕವಿರುತ್ತದೆ. ಶಾಖ ತಗಲಿದಷ್ಟೂ ಚೌಕವು ಕಪ್ಪಾಗುತ್ತ ಬರುತ್ತದೆ. ಸುತ್ತಲಿನ ವರ್ತುಲದ ಬಣ್ಣಕ್ಕೆ ಸಮನಾಯಿತೆಂದರೆ ಆ ಲಸಿಕೆಯನ್ನು ಹಾಕಕೂಡದು. ಒಂದು ಪಲ್ಸ್ ಪೋಲಿಯೊ ಭಾನುವಾರ, ಕೆಲಸಕ್ಕೆ ಸೇರಿ ವರ್ಷವೂ ತುಂಬದಿದ್ದ ಹುಡುಗಿಯೊಬ್ಬಳು, ಮಧ್ಯಾಹ್ನದ ಹೊತ್ತಿಗೆ ಸೀಸೆಗಳ ಚೌಕವು ಕಪ್ಪಾದುದನ್ನು ನೋಡಿ ಹನಿ ಹಾಕುವುದನ್ನು ನಿಲ್ಲಿಸಿಬಿಟ್ಟಳು. ಪೆಟ್ಟಿಗೆಯ ಮುಚ್ಚಳವು ಸೀಳಿತ್ತು. ಕೂಲಿ ಬಿಟ್ಟು ಮಕ್ಕಳನ್ನು ಎತ್ತಿಕೊಂಡು ಬಂದಿದ್ದ ತಾಯಂದಿರು ಸಿಟ್ಟಾದರು. ಊರಿನ ಹಿರಿಯರೊಬ್ಬರು, “ಎರಡು ಹನಿಗೆ ಇಷ್ಟು ದೊಡ್ಡಸ್ತಿಕೆಯೇನವ್ವ, ಹಾಕಿಬಿಡು” ಎಂದು ಗದರಿಸಿದರು. ಅವಳು ಅಳುತ್ತಿದ್ದಳು, ಆದರೆ ಸೀಸೆಯನ್ನು ಮುಟ್ಟಲಿಲ್ಲ. ನಾವು ಅಲ್ಲಿಗೆ ಹೋಗಿ ಸೇರಿದಾಗ ಜಗಳವು ಬಲಿತಿತ್ತು. ನಾವು ಒಂದು ಒಳ್ಳೆಯ ಸೀಸೆಯನ್ನೂ ಒಂದು ಕೆಟ್ಟ ಸೀಸೆಯನ್ನೂ ಹಿರಿಯರ ಅಂಗೈಯಲ್ಲಿಟ್ಟು, “ಯಜಮಾನರೇ, ಈ ಹುಡುಗಿ ಕಂಡುದನ್ನು ನೀವೂ ನೋಡಿರಿ” ಎಂದೆವು. ಅವರು ಬಿಸಿಲಿಗೆ ಹಿಡಿದು ಎರಡು ಸಲ ನೋಡಿದರು. ಆಮೇಲೆ ತಮ್ಮ ಮಗನ ಮೋಟಾರು ಸೈಕಲ್ಲನ್ನೇ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹೊಸ ಲಸಿಕೆಯನ್ನು ತರಿಸಿದರು. ಸಂಜೆ ಆರು ಗಂಟೆಯವರೆಗೆ ಹನಿ ಹಾಕಿದೆವು. ಆ ಹುಡುಗಿಯನ್ನು ಬೈಯ್ದು, ಜನರನ್ನು ಸಮಾಧಾನಪಡಿಸಿ, ಕೆಟ್ಟ ಲಸಿಕೆಯನ್ನೇ ಹಾಕಿಸಿದ್ದರೆ ಅಂದಿನ ಗದ್ದಲವು ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಅವಳು ಮುಂದೆಂದೂ ಚೌಕವನ್ನು ನೋಡುತ್ತಿರಲಿಲ್ಲ. ಭಾರತದಲ್ಲಿ ಕಾಡು ಪೋಲಿಯೊವಿನ ಕೊನೆಯ ಪ್ರಕರಣವು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿಯಲ್ಲಿ ಕಂಡುಬಂದಿತು. 2014ರ ಮಾರ್ಚಿಯಲ್ಲಿ ಪ್ರಮಾಣಪತ್ರವು ದೊರೆಯಿತು. ಅದರಲ್ಲಿ ಯಾರ ಹೆಸರೂ ಇಲ್ಲ, ಇರಬೇಕಾಗಿಯೂ ಇಲ್ಲ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಮೊದಲಾಗಿ, ಸಾವಿರ ಜನಕ್ಕೊಬ್ಬಳಂತೆ ಅದೇ ಊರಿನ ಸೊಸೆಯನ್ನೋ ಮಗಳನ್ನೋ ಆರಿಸಿ ಆಶಾ ಕಾರ್ಯಕರ್ತೆಯೆಂದು ಕರೆದರು. ನಮ್ಮ ನರ್ಸುಗಳಲ್ಲಿ ಕೆಲವರು, ಏನೂ ಓದದವಳು ನಮ್ಮ ಕೆಲಸವನ್ನು ಕಸಿದುಕೊಳ್ಳುವಳೆಂದು ಗೊಣಗಿದರು. ಹಿಂದೆ ಸೂಲಗಿತ್ತಿಯರು ನಮ್ಮನ್ನು ಕುರಿತು ಹೀಗೆಯೇ ಗೊಣಗಿರಬೇಕಲ್ಲವೇ ಎಂದು ನಾವು ಕೇಳಿದುದಕ್ಕೆ ಎಲ್ಲರೂ ನಕ್ಕರು. ನಡುರಾತ್ರಿಯಲ್ಲಿ ನೋವು ಬಂದವಳನ್ನು ವಾಹನದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆತಂದವರು ಆಶಾಗಳೇ. ಮನೆಯ ಹೆರಿಗೆಯು ಕ್ರಮೇಣ ಅಪೂರ್ವವಾಯಿತು. 2018ರಿಂದ 2020ರವರೆಗಿನ ಲೆಕ್ಕದಂತೆ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗಳಲ್ಲಿ ತೀರಿಕೊಂಡ ತಾಯಂದಿರು 69 ಮಂದಿ. 2020ರಲ್ಲಿ ಸಾವಿರ ಕೂಸುಗಳಲ್ಲಿ ವರ್ಷದೊಳಗೆ ತೀರಿಕೊಂಡುವು 19. ಮೇಲೆ ಹೇಳಿದ ನೂರೈವತ್ತನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಆರೋಗ್ಯದ ಮುಂದಾಳುಗಳೆಂದು ಗೌರವಿಸಿದರು. ಗೌರವವು ಬಂದಿತು, ಗೌರವಧನವು ಸಾಲದೆಂದು ಆ ಹೆಣ್ಣುಮಕ್ಕಳು ಬೆಂಗಳೂರಿನ ಬೀದಿಯಲ್ಲಿ ಕುಳಿತುಕೊಳ್ಳುವುದು ತಪ್ಪಲಿಲ್ಲ.

ನಾವು ನಿವೃತ್ತರಾಗುವುದಕ್ಕೆ ಸ್ವಲ್ಪ ಮೊದಲು ಮತ್ತೊಂದು ಮಾರ್ಪಾಡು ಬಂದಿತು. 2018ರಿಂದ ಉಪಕೇಂದ್ರಗಳನ್ನೆಲ್ಲ ಕ್ಷೇಮ ಕೇಂದ್ರಗಳನ್ನಾಗಿ ಮಾರ್ಪಡಿಸಿ, ಶುಶ್ರೂಷೆಯಲ್ಲಿ ಓದಿ ಮೇಲೆ ಆರು ತಿಂಗಳ ವಿಶೇಷ ಶಿಕ್ಷಣವನ್ನು ಪಡೆದವರನ್ನು ಸಮುದಾಯ ಆರೋಗ್ಯ ಅಧಿಕಾರಿಗಳೆಂದು ಕಳುಹಿಸತೊಡಗಿದರು. ಬಸುರಿ, ಬಾಣಂತಿ, ಕೂಸು ಇಷ್ಟರಲ್ಲಿಯೇ ಸುತ್ತುತ್ತಿದ್ದ ಕೇಂದ್ರವು ಈಗ ಮೂವತ್ತು ವರ್ಷ ದಾಟಿದವರೆಲ್ಲರ ರಕ್ತದೊತ್ತಡ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳ ತಪಾಸಣೆಯನ್ನೂ ಮಾಡಬೇಕಾಯಿತು. ಕಾಲಕ್ಕೆ ತಕ್ಕ ಕೆಲಸವೇ ಸರಿ. ಸಿಡುಬು ಪೋಲಿಯೊಗಳು ಹೋದ ಊರಿನಲ್ಲಿ ಈಗ ಜನರನ್ನು ಮಲಗಿಸುತ್ತಿರುವುದು ಲಕ್ವ ಮತ್ತು ಸಕ್ಕರೆ ಕಾಯಿಲೆ. ಶುಶ್ರೂಷಕಿಯೊಬ್ಬಳು ಡಾಕ್ಟರರ ನೆರಳಿನಿಂದ ಹೊರಗೆ ಬಂದು ಒಂದು ಕೇಂದ್ರದ ಮುಖ್ಯಸ್ಥೆಯಾಗುವುದು ನಮ್ಮ ವೃತ್ತಿಯ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.

ಆದರೆ ನಮ್ಮ ಒಂದು ಕೇಂದ್ರದಲ್ಲಿ ಇಪ್ಪತ್ತೆಂಟು ವರ್ಷ ಸೇವೆ ಮಾಡಿದ್ದ ಸಿಸ್ಟರು ಇದ್ದಳು. ಅಲ್ಲಿಗೆ ಅಧಿಕಾರಿಯಾಗಿ ಬಂದವಳಿಗೆ ಇಪ್ಪತ್ತನಾಲ್ಕು ವರ್ಷ. ಜಗಳವು ಕುರ್ಚಿಯಿಂದ ಮೊದಲಾಯಿತು. ಕೇಂದ್ರದಲ್ಲಿ ಕೈಯುಳ್ಳ ಕುರ್ಚಿ ಇದ್ದುದು ಒಂದೇ. ಹುಡುಗಿಯು ಬಂದ ದಿನ ಅದರಲ್ಲಿ ಕುಳಿತಳು. ಸಿಸ್ಟರು ಒಂದು ವಾರ ಜ್ವರವೆಂದು ರಜೆ ಹಾಕಿದಳು. “ಇವಳನ್ನು ಹೆತ್ತ ವಯಸ್ಸು ನನ್ನದು ಮೇಡಂ, ಇವಳಿಗೆ ನಾನು ವರದಿ ಒಪ್ಪಿಸಬೇಕೇ?” ಎಂದು ನಮ್ಮ ಬಳಿ ಕಣ್ಣೀರು ಹಾಕಿದಳು. ಹುಡುಗಿಯೂ ಬೇರೆಯಾಗಿ ಬಂದು, “ಮೇಡಂ, ಯಾವ ಮನೆಗೆ ಹೋದರೂ ಹಳೆಯ ಸಿಸ್ಟರು ಎಲ್ಲಿ ಎಂದೇ ಕೇಳುತ್ತಾರೆ, ನನ್ನ ಕೈಗೆ ಯಾರೂ ತೋಳು ಕೊಡುವುದಿಲ್ಲ” ಎಂದು ಅತ್ತಳು. ಇಬ್ಬರ ದುಃಖವೂ ನಿಜ. ನಾವು ಮಾಡಿದುದು ಇಷ್ಟೇ: ಶಾಲೆಯಿಂದ ಇನ್ನೊಂದು ಕುರ್ಚಿಯನ್ನು ತರಿಸಿ, ಒಂದು ತಿಂಗಳು ಇಬ್ಬರೂ ಕುರ್ಚಿಗಳನ್ನು ಬಿಟ್ಟು ಕೂಡಿಯೇ ಊರು ಸುತ್ತಬೇಕೆಂದು ಹೇಳಿದೆವು.

ಒಬ್ಬ ರೈತನಿಗೆ ರಕ್ತದೊತ್ತಡ ಹೆಚ್ಚಿರುವುದನ್ನು ಹುಡುಗಿಯು ಕಂಡುಹಿಡಿದಿದ್ದಳು. ಮಾತ್ರೆ ಕೊಟ್ಟಿದ್ದರೂ ಒತ್ತಡವು ಇಳಿದಿರಲಿಲ್ಲ. ಮಾತ್ರೆಯನ್ನು ಹೆಚ್ಚಿಸಲು ಡಾಕ್ಟರರನ್ನು ಕೇಳಬೇಕೆಂದಿದ್ದಳು. ಸಿಸ್ಟರು ಆ ಮನೆಯ ಅಡುಗೆಮನೆಯವರೆಗೆ ಹೋಗತಕ್ಕವಳು. ಹೆಂಡತಿಯೊಡನೆ ಮಾತಾಡಿ ಬಂದು, “ಆತ ಮೈ ಹಗುರವಾಯಿತೆಂದು ಮಾತ್ರೆಯನ್ನು ಹದಿನೈದು ದಿನದಿಂದ ನುಂಗಿಯೇ ಇಲ್ಲ, ಡಬ್ಬಿಯಲ್ಲಿ ಹಾಗೆಯೇ ಇದೆ” ಎಂದಳು. ಮತ್ತೊಂದು ಮನೆಯಲ್ಲಿ ಹೊಗೆಸೊಪ್ಪು ಜಗಿಯುವ ಮುದುಕಿಯ ಬಾಯನ್ನು ಸಿಸ್ಟರು ಸಾವಿರ ಸಲ ನೋಡಿದ್ದಳು. ಕೆನ್ನೆಯೊಳಗಿನ ಬಿಳಿಯ ಮಚ್ಚೆಯನ್ನು ಗುರುತಿಸಿ ಇದನ್ನು ದೊಡ್ಡ ಆಸ್ಪತ್ರೆಗೆ ತೋರಿಸಬೇಕೆಂದವಳು ಹುಡುಗಿ. ತಿಂಗಳು ಮುಗಿಯುವಷ್ಟರಲ್ಲಿ ಸಿಸ್ಟರು ಅವಳನ್ನು ‘ನಮ್ಮ ಮಗು’ ಎನ್ನುತ್ತಿದ್ದಳು. ಅವಳು ಸಿಸ್ಟರನ್ನು ‘ಅಮ್ಮ’ ಎನ್ನುತ್ತಿದ್ದಳು. ಕೈಯುಳ್ಳ ಕುರ್ಚಿಯಲ್ಲಿ ರೋಗಿಗಳನ್ನು ಕೂರಿಸುವುದೆಂದು ಅವರಿಬ್ಬರೇ ಗೊತ್ತುಮಾಡಿಕೊಂಡರು.

2020ರಲ್ಲಿ ಕೊರೋನಾ ಬಂದಾಗ ಈ ಇಬ್ಬರೂ ಊರಿನ ಗಡಿಯಲ್ಲಿ ಬಿಸಿಲಿಗೆ ನಿಂತು, ಬೆಂಗಳೂರಿನಿಂದ ಬಂದವರ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದುದನ್ನು ನೋಡಿಯೇ ನಾವು ಆ ವರ್ಷ ಕೆಲಸದಿಂದ ನಿವೃತ್ತರಾದುದು. ಬೀಳ್ಕೊಡುಗೆಯ ಸಭೆ ನಡೆಯಲಿಲ್ಲ; ನಡೆಯುವ ಕಾಲವೂ ಅದಾಗಿರಲಿಲ್ಲ. 2021ರಲ್ಲಿ ಅವರೇ ಮನೆಮನೆಗೆ ಹೋಗಿ ಲಸಿಕೆಗೆ ಜನರನ್ನು ಒಪ್ಪಿಸಿದರು.

ಈಗ ಕಿರಿಯ ಆರೋಗ್ಯ ಸಹಾಯಕಿಯರಿಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಹೆಸರಾಗಿದೆ. ಹೆಸರಿನ ಉದ್ದಕ್ಕೆ ಸರಿಯಾಗಿ ಲೆಕ್ಕವೂ ಬೆಳೆದಿದೆ. ರಿಜಿಸ್ಟರು ಹೋಗಿ ಟ್ಯಾಬು ಬಂದರೂ, ಟ್ಯಾಬಿನ ಜತೆಯಲ್ಲಿ ರಿಜಿಸ್ಟರನ್ನೂ ಬರೆಯುತ್ತಿರುವವರನ್ನು ನಾವು ಬಲ್ಲೆವು. ತಾಯಿಯ ಮುಖವನ್ನು ನೋಡಬೇಕಾದ ಕಣ್ಣು ಗಾಜಿನ ಹಲಗೆಯ ಮೇಲೆ ನೆಟ್ಟಿರುವುದು ನಮಗೆ ಸರಿತೋರುವುದಿಲ್ಲ. ಗುತ್ತಿಗೆಯ ಮೇಲೆ ದುಡಿಯುವವರಿಗೆ ಮುಂದಿನ ಮೆಟ್ಟಿಲು ಯಾವುದೆಂದು ಯಾರೂ ಸ್ಪಷ್ಟವಾಗಿ ಹೇಳುತ್ತಿಲ್ಲ. 1947ರ ಶುಶ್ರೂಷಾ ಪರಿಷತ್ತಿನ ಕಾಯಿದೆಯ ಸ್ಥಾನದಲ್ಲಿ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯಿದೆಯು ಅಂಗೀಕಾರವಾಗಿದೆ. ಶಿಕ್ಷಣದ ಮಟ್ಟವನ್ನು ಮೇಲಕ್ಕೆತ್ತುವುದು ಅದರ ಉದ್ದೇಶ. ಅದು ಹಳ್ಳಿಯ ಹೆಣ್ಣುಮಗಳ ಮೆಟ್ಟಿಲನ್ನೂ ಕಟ್ಟಿಕೊಡುವುದೋ ಎಂದು ನಾವು ಎದುರುನೋಡುತ್ತಿದ್ದೇವೆ. ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ: ಬಿಸಿಲಿನಲ್ಲಿ ಬಂದ ನರ್ಸನ್ನು ಬಾಗಿಲಿನಲ್ಲಿಯೇ ನಿಲ್ಲಿಸಿ ಉತ್ತರ ಹೇಳಿ ಕಳುಹಿಸಬೇಡಿರಿ, ಒಂದು ಲೋಟ ನೀರು ಕೊಟ್ಟು ಕೂರಿಸಿದರೆ, ಅವಳು ಕೇಳಬೇಕೆಂದು ಬಂದಿಲ್ಲದ ಒಂದು ಪ್ರಶ್ನೆಯನ್ನು ಕೇಳುವಳು. ಬಹಳ ಸಲ ಅದೇ ಮುಖ್ಯವಾದ ಪ್ರಶ್ನೆ.

ಕಳೆದ ತಿಂಗಳು ನೆರೆಮನೆಯ ಹುಡುಗಿಯು ಪಿ.ಯು.ಸಿ.ಯ ಅಂಕಪಟ್ಟಿಯನ್ನು ಹಿಡಿದುಕೊಂಡು ತನ್ನ ಅಜ್ಜಿಯೊಡನೆ ನಮ್ಮಲ್ಲಿಗೆ ಬಂದಳು. ಅವಳಿಗೆ ನರ್ಸಿಂಗ್ ಓದಬೇಕೆಂಬ ಆಸೆ. ಅಜ್ಜಿಯು ಸಂಬಳವನ್ನಾಗಲಿ ಹಾಸ್ಟೆಲಿನ ಖರ್ಚನ್ನಾಗಲಿ ಕೇಳಲಿಲ್ಲ. “ರಾತ್ರಿಯ ಪಾಳಿ ಇರುತ್ತದೆಯೇನಮ್ಮ?” ಎಂದು ಕೇಳಿದರು. ಇರುತ್ತದೆ ಎಂದೆವು. ಅವರು ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಮಡಿಸುತ್ತ ಕುಳಿತಿದ್ದು, “ಇವಳ ಅಪ್ಪನನ್ನು ನಾನು ಹೆತ್ತದ್ದೂ ನಡುರಾತ್ರಿಯಲ್ಲಿಯೇ. ಲಾಂದ್ರ ಹಿಡಿದುಕೊಂಡು ಯಾರೋ ಒಬ್ಬಳು ನರ್ಸು ಬಂದಿದ್ದಳು, ಹೆಸರು ಕೇಳಲಿಲ್ಲ” ಎಂದರು. ಹುಡುಗಿಯು ನಮ್ಮ ಕಡೆಗೆ ತಿರುಗಿ, ಅರ್ಜಿಗೆ ಕೊನೆಯ ದಿನ ಯಾವುದೆಂದು ಕೇಳಿದಳು.